ಹಳೇ ಇಂಜಿನ್ ಓದುವ ಮೇಸ್ತ್ರಿ

ಗುಡ್ಡ ಹತ್ತುವ ಹಳೆಯ ಟೂ-ಸ್ಟ್ರೋಕ್ ಬೈಕು ಕೊಳ್ಳುವವರು ಮೊದಲು ಅದನ್ನು ಗ್ಯಾರೇಜಿನ ಮೇಸ್ತ್ರಿಗೆ ತೋರಿಸುತ್ತಾರೆ. "ಇಂಜಿನ್ ಬಿಚ್ಚೇ ಇಲ್ಲ ಅಣ್ಣಾ" ಎಂದು ಮಾರುವವನು ಆಣೆ ಮಾಡುವಾಗ ಮೇಸ್ತ್ರಿ ಕಣ್ಣು ಮುಚ್ಚಿ ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತುತ್ತಾರೆ. "ಒತ್ತಡ ಜಾಸ್ತಿ ಇದೆ, ಇಂಜಿನ್ ಹೆಡ್ ಉಜ್ಜಿ ತೆಳ್ಳಗೆ ಮಾಡಿದಾರೆ. ಬಿಚ್ಚದೆ ಹೇಗಪ್ಪಾ ಉಜ್ಜಿದ್ರು, ಮಂತ್ರ ಹಾಕಿದ್ರಾ?" ಹೊಗೆ ಮೂಸಿಯೇ ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಿದ್ದಾರೆಂದು ಹೇಳುವ ಈ ಮೂಗಿಗೆ ಒಲೆಯ ಮೇಲೆ ಹಾಲು ಸೀದದ್ದು ಮಾತ್ರ ತಿಳಿಯುವುದಿಲ್ಲ ಎಂಬುದು ಹೆಂಡತಿಯ ದೂರು. ಕೊನೆಗೆ ಸೈಲೆನ್ಸರ್ ಕಳಚಿ, ಹೊಗೆ ಹೊರಬರುವ ಕಿಂಡಿಗೆ ಕಿರುಬೆರಳು ಹಾಕಿ, ಅರದಿಂದ ಉಜ್ಜಿದ ಗೆರೆಗಳನ್ನು ಅಕ್ಷರದಂತೆ ಓದುತ್ತಾರೆ. ಗುಡ್ಡದ ರೇಸಿಗೆಂದು ಅಕ್ಕನ ಮಗಳು ನೋಡಿಬಂದ ಬೈಕನ್ನು ಮಾರುವವನು ಗ್ಯಾರೇಜಿಗೆ ತಂದಾಗ ಅದಕ್ಕೂ ಹಾಗೇ ಬೆರಳು ಹಾಕಿದರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. "ಏನ್ ಮಾವ, ಬೆರಳು ಸಿಕ್ಕಿಕೊಳ್ತಾ?" "ಇಲ್ಲ ಕಣೇ. ಇದು ನಾನೇ ಎಡಗೈಲಿ ಅರ ಎಳೆದ ಗೆರೆ. ಕೆಲಸ ಕಲಿಯೋ ಕಾಲದಲ್ಲಿ ಈ ಕಿಂಡಿ ಅಗಲ ಮಾಡಿ, ಅಂಚು ಚೂಪಾಗೇ ಬಿಟ್ಟು ಕಳಿಸಿಬಿಟ್ಟೆ. ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿದ್ರೆ ಇಂಜಿನ್ ಹಿಡ್ಕೊಂಡು, ಓಡಿಸೋರು ಇಳಿಜಾರಲ್ಲಿ ಎಗರಿ ಬೀಳ್ತಾರೆ. ಯಾರು ಬಿದ್ದರೋ ಅಂತ ಇಪ್ಪತ್ತಾರು ವರ್ಷದಿಂದ ಬಂದ ಗಾಡೀಲೆಲ್ಲ ಇದನ್ನೇ ಹುಡುಕ್ತಿದ್ದೆ." "ಈಗ್ಲೂ ಚೂಪಾಗಿದೆಯಾ?" ಹುಡುಗಿಯ ದನಿ ಇಳಿದಿತ್ತು. "ಇಲ್ಲ. ಯಾರೋ ಪುಣ್ಯಾತ್ಮರು ಅಂಚನ್ನ ಸುತ್ತಲೂ ನುಣ್ಣಗೆ ಮಾಡಿದಾರೆ, ನನ್ನ ಗೆರೆ ಒಂದನ್ನೂ ಕೆಡಿಸದೆ. ಅಂಥ ಕೈ ನನಗೆ ಇವತ್ತಿಗೂ ಬಂದಿಲ್ಲ." ಮಾರುವವರ ಮಾತಿಗೆ ಎಂದೂ ಕಿವಿಗೊಡದ ಮೇಸ್ತ್ರಿ ಅಂದು ಮಾರುವವನಿಗೆ ಸ್ಟೂಲು ಹಾಕಿ, ಈ ಗಾಡಿ ಇದಕ್ಕೂ ಮುಂಚೆ ಯಾರ ಬಳಿ ಇತ್ತೆಂದು ವಿನಯದಿಂದ ಕೇಳಿದರು.