ಬಳೆ ಚಾಚಿಯ ಕೊಸರು

ಬಳೆ ಚಾಚಿಯ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಎಂಥ ಒರಟು ಕೈಯನ್ನೂ ಆ ಬೆರಳಿನಿಂದ ಒತ್ತಿ ಒತ್ತಿ ಮೆದು ಮಾಡಿ, ನೋವು ತಿಳಿಯುವ ಮೊದಲೇ ಬಳೆ ಏರಿಸಿಬಿಡುತ್ತಿದ್ದಳು. ನಮ್ಮಂಥ ಸಣ್ಣ ಹುಡುಗಿಯರು ಅತ್ತರೆ, ಕಣ್ಣು ಮುಚ್ಚಿ ಗಂಡನಾಗುವವನ ಹೆಸರು ನೆನೆಯಲು ಹೇಳುತ್ತಿದ್ದಳು. ನಾಚಿಕೆಯಲ್ಲಿ ಅಳು ಮರೆತೇ ಹೋಗುತ್ತಿತ್ತು. ಡಜನ್ ತೊಡಿಸಿದ ಮೇಲೆ ಒಂದು ಬಳೆ ಹೆಚ್ಚಿಗೆ. ಅದು ಕೊಸರು, ಅದಕ್ಕೆ ರೊಕ್ಕವಿಲ್ಲ.

ಝಳಕಿ ನಮ್ಮೂರು. ಗಂಡ ಸತ್ತವಳ ಮನೆಯಲ್ಲಿ ಬಳೆ ಮಾರುವವರಿಗೆ ಏನು ಕೆಲಸ? ಆದರೂ ಅಪ್ಪ ತೀರಿದ ಮೇಲೆ ಚಾಚಿ ನಮ್ಮ ಮನೆಗೆ ಬರುವುದು ಬಿಡಲಿಲ್ಲ. ಹೆಗಲ ಮೇಲಿನ ಬಳೆಗೊಂಚಲಿನ ಮಲಾರ ಇಳಿಸಿ, ಕಟ್ಟೆಯ ಮೇಲೆ ಕೂತು, ಅವ್ವನ ರೊಟ್ಟಿ ತಿನ್ನುತ್ತ ನಾಲ್ಕೂರಿನ ಸುದ್ದಿ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳಿರುತ್ತಿತ್ತು. ಆ ದಿನಗಳಲ್ಲಿ ಅವ್ವ ನಗುತ್ತಿದ್ದದ್ದು ಆ ಸುಳ್ಳಿಗೇ.

ಅದೇ ಕಾಲಕ್ಕೆ ಊರಿಗೆ ಗ್ರಾಮಸೇವಿಕೆ ಬಂದರು. ಮಹಿಳಾ ಮಂಡಳ ಕಟ್ಟಿಸಿದರು. ಹೆಂಗಸರೂ ವ್ಯಾಪಾರಕ್ಕೆ ಇಳಿಯಬೇಕೆಂದು ಬ್ಲಾಕ್ ಆಫೀಸಿನವರು ಇಂಡಿ ಪಟ್ಟಣದ ಸಂತೆಯಲ್ಲಿ ತಗಡಿನ ಮಳಿಗೆಯೊಂದನ್ನು ಕೊಟ್ಟರು. ಚಾಚಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು.

'ನಾ ಮೀಸಿ ಬರದ ಗಂಡಸಿನಂಗ ಊರೂರು ತಿರಗಿ ವ್ಯಾಪಾರ ಮಾಡಾಕತ್ತೇನಿ. ಸರಕಾರಕ್ಕ ಈಗ ಕಂಡೆವೇನು ನಾವು?'

ನಕ್ಕರೂ, ಮಂಡಳಕ್ಕೆ ಅವ್ವನನ್ನು ಕೈ ಹಿಡಿದು ಕರೆದೊಯ್ದವಳು ಅವಳೇ. ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಹಿಂಡಿ ಮಾರುವುದೆಂದು ನಿಶ್ಚಯವಾಯಿತು.

ಮೊದಲ ಸಂತೆಯ ದಿನ ರೊಟ್ಟಿಯ ಬುಟ್ಟಿ ಖಾಲಿ, ರೊಕ್ಕದ ಡಬ್ಬಿಯೂ ಖಾಲಿ. ಸಂತೆಗೆ ಬಂದವರೆಲ್ಲ ಒಬ್ಬರಿಗೆ ಬೀಗರು, ಇನ್ನೊಬ್ಬರಿಗೆ ತವರಿನವರು. ರೊಟ್ಟಿಗೆ ದುಡ್ಡು ಕೇಳುವುದೆಂದರೆ ನಮ್ಮ ಹೆಂಗಸರಿಗೆ ಜೀವ ಹೋದಂತೆ. ಹಾದು ಹೋಗುವವರನ್ನೂ ಕರೆಕರೆದು ಕೊಟ್ಟಿದ್ದರು. ಮುಂದಿನ ಸಂತೆಯಲ್ಲೂ ಅದೇ ಪಾಡು. ಗ್ರಾಮಸೇವಿಕೆಗೆ ಅಳುವುದೊಂದು ಬಾಕಿ. ಹೀಗೇ ನಡೆದರೆ ಮಳಿಗೆಯನ್ನು ತಂಬಾಕಿನ ವ್ಯಾಪಾರಿಗೆ ಕೊಡುತ್ತೇವೆಂದು ಮೇಲಿನವರು ಹೇಳಿದ್ದರು. ಮಳಿಗೆ ಹೋದರೆ ನನ್ನನ್ನು ಶಾಲೆ ಬಿಡಿಸಿ ಹೊಲದ ಕೂಲಿಗೆ ಕರೆದೊಯ್ಯುವುದೇ ದಾರಿ ಎಂದು ಅವ್ವ ಆಗಲೇ ಹೇಳಿಯಾಗಿತ್ತು. ನಾನು ಪಾಟಿಚೀಲ ತಬ್ಬಿಕೊಂಡೇ ಮಲಗುತ್ತಿದ್ದೆ.

ಚಾಚಿಗೆ ಸಿಟ್ಟು ಬಂತು. ಮರುವಾರ ತಾನೇ ಡಬ್ಬಿಯ ಮುಂದೆ ಕೂತಳು. ತನಗೆ ದಾಕ್ಷಿಣ್ಯವೆಂಬುದೇ ಇಲ್ಲವೆಂದು ಜಂಬ ಕೊಚ್ಚಿದಳು. ಮೊದಲು ಬಂದವನು ಸಾಲೋಟಗಿಯ ಒಬ್ಬ ಗಾಡಿಯವ. ಅವನ ಹೆಂಡತಿಗೆ ಮದುವೆಯ ಬಳೆ ತೊಡಿಸಿದವಳು ಇವಳೇ. ಮಕ್ಕಳೆಷ್ಟು, ಮಾವನ ಕೆಮ್ಮು ಹೇಗಿದೆ ಎಂದು ವಿಚಾರಿಸುತ್ತ ವಿಚಾರಿಸುತ್ತ ಅವನ ಹೆಗಲ ವಸ್ತ್ರದ ತುಂಬ ರೊಟ್ಟಿ ಕಟ್ಟಿ ಕಳಿಸಿಬಿಟ್ಟಳು. ಅವನು ಮರೆಯಾದ ಮೇಲೆ ಡಬ್ಬಿ ನೋಡಿ ಹಣೆ ಬಡಿದುಕೊಂಡಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಗ್ರಾಮಸೇವಿಕೆಯೂ.

ನಗು ನಿಂತ ಮೇಲೆ ಚಾಚಿಯ ಕಣ್ಣು ತನ್ನ ಮಲಾರದ ಮೇಲೆ ಬಿತ್ತು. ಆಮೇಲೆ ಅವ್ವನ ಕಡೆ ತಿರುಗಿದಳು.

'ತಂಗಿ, ಕೊಡೂ ಕೈ ತಡೀಬ್ಯಾಡ. ಹತ್ತು ರೊಟ್ಟಿಗೆ ರೊಕ್ಕ ತಗೋ, ಮ್ಯಾಲೊಂದು ಕೊಸರು ಹಾಕು. ಮಾರಿದ್ದು ಮಳಿಗೀದು, ಕೊಟ್ಟದ್ದು ನಿಂದು.'

ಅಷ್ಟೇ ಬೇಕಾಗಿತ್ತು. ಅವ್ವ ತಲೆ ತಗ್ಗಿಸಿಕೊಂಡೇ ಬೆಲೆ ಹೇಳಿದಳು. ಕೊಸರಿನ ರೊಟ್ಟಿಯನ್ನು ಮಾತ್ರ ತಲೆಯೆತ್ತಿ, ಮೇಲೆ ಒಂದು ಹಿಡಿ ಹಿಂಡಿ ಸುರಿದು ಕೊಟ್ಟಳು. ಬೀಗರೂ ಮುನಿಯಲಿಲ್ಲ. ಆ ಸಂಜೆ ಡಬ್ಬಿ ಅಲುಗಾಡಿಸಿದರೆ ಸದ್ದು ಬಂತು. ಮಳಿಗೆ ಉಳಿಯಿತು, ನನ್ನ ಶಾಲೆಯೂ ಉಳಿಯಿತು. ಓದಿ ಸಿಂದಗಿಯಲ್ಲಿ ನಾನು ಶಿಕ್ಷಕಿಯಾದಾಗ ಚಾಚಿ ಬಸ್ಸು ಹತ್ತಿ ಬಂದು, ನನ್ನ ಎರಡೂ ಕೈ ತುಂಬ ಬಳೆ ತೊಡಿಸಿದಳು. ಆ ದಿನ ಎಲ್ಲವೂ ಕೊಸರೇ.

ಅವಳು ತೀರಿಕೊಂಡಾಗ ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅವ್ವ ದೊಡ್ಡ ಬುಟ್ಟಿಯ ತುಂಬ ರೊಟ್ಟಿ ಹೊತ್ತು ಹೋದಳು, ಹಿಂದೆ ನಾನು. ಮಾರಲು ಮಾಡಿದ ರೊಟ್ಟಿಯನ್ನು ಇಷ್ಟೊಂದು ಯಾಕೆ ತಂದಿರೆಂದು ಚಾಚಿಯ ಮಗ ಸಂಕೋಚಪಟ್ಟ.

'ಮಾರೂದಲ್ಲಪ್ಪ,' ಅವ್ವ ಬುಟ್ಟಿ ಇಳಿಸಿದಳು. 'ನಿಮ್ಮವ್ವಗ ನಾ ಕೊಡಬೇಕಾದ ಕೊಸರು. ಇನ್ನೂ ಮುಗದಿಲ್ಲ.'