ಜೋಡಿಗೂಡು

ಸ್ಕ್ಯಾನಿಂಗ್ ಪರದೆ ತೋರಿಸಿ ಎಷ್ಟು ಹೇಳಿದರೂ ಮೇಲೂರಿಂದ ಹಿರಿಸೊಸೆಯನ್ನು ಕರಕೊಂಡು ಬಂದಿದ್ದ ಆ ಅತ್ತೆಗೆ ಅರ್ಥವಾಗಲಿಲ್ಲ. ಸೊಸೆಯ ಹೊಟ್ಟೆಯಲ್ಲಿ ಅವಳಿ. ಎರಡೂ ಒಂದೇ ಚೀಲದಲ್ಲಿ, ನಡುವೆ ಪೊರೆಯೇ ಇಲ್ಲ. ಅವರ ರೇಷ್ಮೆ ಕಸುಬಿನ ಮಾತಲ್ಲೇ ಹೇಳೋಣ ಅಂತ ನನಗೆ ಬುದ್ಧಿವಂತಿಕೆ ಉಕ್ಕಿತು.

"ಎರಡು ರೇಷ್ಮೆಹುಳ ಸೇರ್ಕೊಂಡು ಒಂದೇ ಗೂಡು ಕಟ್ತಾವಲ್ಲಮ್ಮ, ಜೋಡಿಗೂಡು, ಹಂಗೆ. ಅದರಲ್ಲಿ ನೂಲು ಸಿಕ್ಕಾಗೋ ಥರ ಇಲ್ಲಿ ಹೊಕ್ಕುಳಬಳ್ಳಿ ಸಿಕ್ಕಾಗಬಹುದು. ಮೊದಲೇ ದೊಡ್ಡಾಸ್ಪತ್ರೆಗೆ ಸೇರಿಸಿ, ದಿನ ತುಂಬೋಕೆ ಮುಂಚೆ ಆಪರೇಷನ್ ಮಾಡಿ ಮಕ್ಕಳನ್ನ ತೆಗೀಬೇಕು."

ಆಕೆಯ ಮುಖ ಬೆಳಗಿತು. ಮರುಗಳಿಗೆಯೇ ಇಳಿದುಹೋಯಿತು.

"ಗೂಡು ಕಟ್ಟೋ ತಟ್ಟೇಲಿ ಹುಳ ಒತ್ತೊತ್ತಾಗಿ ಬಿಟ್ರೆ ತಾನೇ ಡಾಕ್ಟ್ರಮ್ಮ ಜೋಡಿಗೂಡಾಗೋದು? ನಮ್ಮನೇಲೂ ಜನ ಒತ್ತು."

"ಅಯ್ಯೋ, ಅದಕ್ಕಲ್ಲಮ್ಮ! ಒಂದೇ ಭ್ರೂಣ ತಾನಾಗೇ ಎರಡಾಗಿದೆ. ಯಾರ ತಪ್ಪೂ ಇಲ್ಲ."

ಆಕೆ ತಲೆಯಾಡಿಸಿದರು. ಒಪ್ಪಿದರೋ, ನನ್ನನ್ನು ಸಮಾಧಾನ ಮಾಡಿದರೋ ತಿಳಿಯಲಿಲ್ಲ.

ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮಕ್ಕಳು ಸಣ್ಣಗೆ ಹುಟ್ಟಿದರೂ ಗಟ್ಟಿಯಾಗಿ ಉಳಿದುಕೊಂಡವು. ಮೊನ್ನೆ ಮನೆಮಂದಿಯೆಲ್ಲ ತೋರಿಸಲು ಬಂದಿದ್ದರು.

"ಎರಡೂ ಚೆನ್ನಾಗಿದಾವೆ ಕಣಮ್ಮ," ಅತ್ತೆಗೆ ಅಂದೆ.

"ಇನ್ಮೇಲೆ ಭಯ ಇಲ್ಲ ಬಿಡಿ. ನೀವು ಹೇಳಿದ್ಮೇಲೆ ಚಿಕ್ಕ ಮಗನ್ನೂ ಅವನ ಹೆಂಡ್ತೀನೂ ಬೇರೆ ಮನೆ ಮಾಡಿ ಕಳಿಸಿಬಿಟ್ವಿ."

ನಾನೆಲ್ಲಿ ಹೇಳಿದೆ? ಬಾಯಿ ತೆರೆಯುವಷ್ಟರಲ್ಲಿ, ಹಿಂದೆ ನಿಂತಿದ್ದ ಚಿಕ್ಕ ಸೊಸೆ ಅತ್ತೆಗೆ ಕಾಣದ ಹಾಗೆ ನನಗೆ ಕೈಮುಗಿದಳು. ಅವಳಿಗೆ ನಾನು ಇವತ್ತಿನವರೆಗೆ ಒಂದು ಮಾತ್ರೆಯನ್ನೂ ಬರೆದುಕೊಟ್ಟವಳಲ್ಲ.