ಎಕ್ಸರೇ ಅಕ್ಕನ ಕಡ್ಡಾಯ ಪಾಠ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಆಸ್ಪತ್ರೆಯಲ್ಲಿ ಅದನ್ನು ಕೇಳಿದವರಿಲ್ಲ. ತಲೆ ನರೆತ ಡಾಕ್ಟರಿಗೂ ಅವಳು ಎಕ್ಸರೇ ಅಕ್ಕನೇ. ಕೆಳಮಹಡಿಯ ಮೂಲೆಯ ಕೋಣೆ, ಸೀಸದ ತಗಡು ಕೂರಿಸಿದ ಭಾರದ ಬಾಗಿಲು, ಬಾಗಿಲ ಮೇಲೊಂದು ಕೆಂಪು ದೀಪ. ದೀಪ ಹತ್ತಿತೆಂದರೆ ರೋಗಿ ಮಾತ್ರ ಒಳಗೆ. ಮಿಕ್ಕವರು, ಹೆತ್ತ ತಾಯಿಯಾದರೂ, ಹೊರಗೆ. "ಉಸಿರು ಹಿಡ್ಕೊಳ್ಳಿ... ಹ್ಞಾ, ಬಿಡಿ" ಎಂದು ಹೇಳಿ ಹೇಳಿ ಬಾಯಿಗೆ ಅಂಟಿಕೊಂಡು, ಮನೆಯಲ್ಲಿ ಗಂಡ ಜಗಳಕ್ಕೆ ನಿಂತಾಗಲೂ ಅದನ್ನೇ ಹೇಳುತ್ತಿದ್ದಳು. ಅವನು ಪಾಪ, ಹಿಡಿದು ಬಿಡುತ್ತಿದ್ದ. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಮೂಳೆಯ ವಿಷಯದಲ್ಲಿ ಅವಳಿಗೆ ಗೊಂದಲವೆಂಬುದೇ ಇರಲಿಲ್ಲ. ಮುರಿದಿದ್ದರೆ ಮುರಿದಿದೆ, ಇಲ್ಲದಿದ್ದರೆ ಇಲ್ಲ. ಇಂಥವಳ ತಲೆ ಕೆಡಿಸಿದ್ದು ಆ ತರಬೇತಿ.

ಮಾನವ ಕಳ್ಳಸಾಗಣೆಗೆ ಸಿಕ್ಕಿದವರು ಬೇರೆಲ್ಲೂ ಕಾಣದಿದ್ದರೂ ಒಂದಲ್ಲ ಒಂದು ದಿನ ಗಾಯ, ಜ್ವರ ಅಂತ ಆಸ್ಪತ್ರೆಗೆ ಬಂದೇ ಬರುತ್ತಾರಂತೆ. ಅವರನ್ನು ಗುರುತಿಸುವುದನ್ನು ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಕಲಿಯಲೇಬೇಕು, ಕಲಿಯದವರಿಗೆ ಡ್ಯೂಟಿ ಇಲ್ಲ ಎಂದು ಆದೇಶವಾಯಿತು. ಪಾಠ ಹೇಳಿದವಳು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಮೆದು ಮಾತಿನ ಹೆಂಗಸು. ರೋಗಿ ಬಾಯಿ ಬಿಡುವುದಿಲ್ಲ, ಜೊತೆಗೆ ಬಂದವರೇ ಎಲ್ಲದಕ್ಕೂ ಉತ್ತರ ಹೇಳುತ್ತಾರೆ, ಗುರುತಿನ ಚೀಟಿ ಅವರ ಚೀಲದಲ್ಲೇ ಇರುತ್ತದೆ, ರೋಗಿ ಕಣ್ಣೆತ್ತಿ ನೋಡುವುದಿಲ್ಲ. ಹೀಗೆ ಲಕ್ಷಣಗಳನ್ನು ಹೇಳಿ, ಅವಳು ಅಕ್ಕನ ಕಡೆ ತಿರುಗಿದಳು. ಜೊತೆಯವರನ್ನು ಹೊರಗೆ ನಿಲ್ಲಿಸುವುದಕ್ಕೆ ನೆಪ ಹುಡುಕಬೇಕಿಲ್ಲದ ಕೋಣೆ ನಿಮ್ಮದೊಂದೇ, ಕೇಳಬೇಕಾದ್ದನ್ನು ನೀವೇ ಕೇಳಬೇಕು ಎಂದಳು.

ಅಕ್ಕ ಉಬ್ಬಿಹೋದಳು. ಮನೆಗೆ ಹೋಗಿ ಲಕ್ಷಣಗಳನ್ನೆಲ್ಲ ಗಂಡನಿಗೆ ಒಪ್ಪಿಸಿದಳು. ಅವನು ಗಂಭೀರವಾಗಿ ಕೇಳಿಸಿಕೊಂಡ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ತನ್ನ ಹಲ್ಲುನೋವನ್ನೆಲ್ಲ ಹೇಳಿದವಳು ಇವಳೇ, ತನ್ನ ಕಾರ್ಡು ಇರುವುದೂ ಇವಳ ಚೀಲದಲ್ಲೇ, ಇವಳ ಮುಂದೆ ತಾನು ಬಾಯಿ ಬಿಟ್ಟದ್ದೂ ಇಲ್ಲ. ಹಾಗಾದರೆ ತನ್ನನ್ನು ಬಿಡಿಸುವುದಕ್ಕೆ ಯಾರಿಗೆ ಫೋನ್ ಮಾಡಬೇಕು ಎಂದು ವಿಚಾರಿಸಿದ. ಅಕ್ಕ ನಕ್ಕಳು, ಆದರೆ ಹಾಸಿಗೆಗೆ ಹೋದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಿತ್ತು.

ಮುಂದಿನ ವಾರವೇ ಎಡವಟ್ಟಾಯಿತು. ಒಬ್ಬ ಮುದುಕ ಎಳೆಯ ಹೆಂಗಸನ್ನು ಕರೆತಂದ. ಏನು ಕೇಳಿದರೂ ಅವನದೇ ಉತ್ತರ. ಅವಳು ತಲೆ ತಗ್ಗಿಸಿ ಕೂತಿದ್ದಳು, ಪಿಟಕ್ಕೆನ್ನಲಿಲ್ಲ. ಅಕ್ಕ ಹಿಂದೆ ಮುಂದೆ ನೋಡದೆ ಸಮಾಜ ಕಾರ್ಯಕರ್ತೆಗೆ ಫೋನ್ ಮಾಡಿದಳು. ಗಲಾಟೆಯಾಗಿ, ಮುದುಕ ಅವಳ ಅಪ್ಪ ಎಂದು ತಿಳಿದು, ಅವನು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಾಡಿದ ಮೇಲೆ ಅಕ್ಕ ಡಾಕ್ಟರ ಚೀಟಿ ನೋಡಿದಳು. ಎಕ್ಸರೇ ಬರೆದಿದ್ದದ್ದು ದವಡೆಗೆ. ದವಡೆ ಜಾರಿದವಳು ಮಾತಾಡುವುದಾದರೂ ಹೇಗೆ? ನರ್ಸುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಇನ್ನು ಈ ಉಸಾಬರಿ ಬೇಡ ಎಂದು ತೀರ್ಮಾನಿಸಿದಳು.

ಅಂಥ ಹೊತ್ತಿನಲ್ಲೇ ಆ ಹುಡುಗಿ ಬಂದದ್ದು. ಹದಿನೈದೋ ಹದಿನಾರೋ ಇರಬೇಕು, ಬಲಗೈ ಮಣಿಕಟ್ಟು ಊದಿತ್ತು. ಜೊತೆಗೆ ಬಂದವಳು ಚಿಕ್ಕಮ್ಮ. ಕಲಿಸಿದ ಲಕ್ಷಣ ಒಂದೂ ಇರಲಿಲ್ಲ. ಚಿಕ್ಕಮ್ಮ ತಾನೇ ನೀರು ಕುಡಿಸಿದಳು, ಬಳೆ ನೋಯದ ಹಾಗೆ ಸೋಪು ಹಚ್ಚಿ ತೆಗೆದಳು, ಚೀಟಿಯನ್ನು ಹುಡುಗಿಯ ಕೈಗೇ ಕೊಟ್ಟು ಕಳಿಸಿದಳು. ಹುಡುಗಿಯೂ ನಗುನಗುತ್ತಾ ಮೆಟ್ಟಿಲ ಮೇಲೆ ಜಾರಿ ಬಿದ್ದ ಕಥೆ ಹೇಳಿದಳು. ಅಕ್ಕನಿಗೆ ಹಾಯೆನಿಸಿತು. ಕೈ ಇಡಿಸಿ, ಗುಂಡಿ ಒತ್ತಿ, ಆಯ್ತು ಹೋಗಮ್ಮ ಎಂದಳು.

ಹುಡುಗಿ ಏಳಲಿಲ್ಲ.

"ಈ ಕೈಗೂ ತೆಗೀರಿ" ಎಂದು ಎಡಗೈ ಇಟ್ಟಳು.

ಅದೂ ನೋಯ್ತಿದೆಯಾ ಎಂದರೆ ಇಲ್ಲವೆಂದಳು. ಮತ್ತೆ ಯಾಕೆ ಎಂದರೆ ಸುಮ್ಮನೆ ಎಂದಳು. ಸ್ವಲ್ಪ ಹೊತ್ತಾಗಲಿ, ಇಲ್ಲಿ ಚೆನ್ನಾಗಿದೆ ಎಂದಳು. ಆ ಕೋಣೆಯನ್ನು ಚೆನ್ನಾಗಿದೆ ಎಂದವರನ್ನು ಅಕ್ಕ ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಕಿಟಕಿಯಿಲ್ಲ, ಚಳಿ ಬೇರೆ.

ಬೇಡ ಬೇಡವೆಂದುಕೊಂಡೇ ಕೇಳಿದಳು. ಹೊರಗಿರುವವಳು ಸ್ವಂತ ಚಿಕ್ಕಮ್ಮನೇ? ಹೌದು, ಅಮ್ಮನ ತಂಗಿ. ಹೊಡೀತಾರಾ? ಇಲ್ಲ. ಊಟ? ಹಾಕ್ತಾರೆ. ಅಲ್ಲಿಗೆ ಅಕ್ಕನ ಪ್ರಶ್ನೆಗಳು ಖಾಲಿಯಾದವು. ಆಮೇಲೆ ತರಬೇತಿಯ ಇನ್ನೊಂದು ಪ್ರಶ್ನೆ ನೆನಪಾಯಿತು.

"ನಿಂಗೆ ಬೇಡ ಅನ್ನಿಸಿದ್ರೆ ಆ ಮನೆ ಬಿಟ್ಟು ಹೋಗಬಹುದಾ?"

ಹುಡುಗಿ ಲೆಕ್ಕ ಬಿಡಿಸುವವಳಂತೆ ಯೋಚಿಸಿದಳು.

"ಹೇಗೆ ಹೋಗೋದು? ಬೀಗ ಹೊರಗಡೆಯಿಂದ ಅಲ್ವಾ ಹಾಕೋದು."

ಆಮೇಲೆ ಒಂದೊಂದೇ ಬಂತು. ಮಹಡಿಯ ಮೇಲಿನ ಕೋಣೆಯಲ್ಲಿ ಬೆಳಗಿನಿಂದ ಡಬ್ಬಗಳಿಗೆ ಟೇಪು ಸುತ್ತುವುದು, ಸಂಬಳವಿಲ್ಲ, ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಚಿಕ್ಕಮ್ಮ ಪಕ್ಕದಲ್ಲೇ. ಕೊನೆಗೆ, "ಅವರು ಒಳ್ಳೆಯವರೇ. ನಾನು ಹೇಳ್ದೆ ಅಂತ ಹೇಳಬೇಡಿ" ಎಂದಳು.

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಸ್ವಂತ ಚಿಕ್ಕಮ್ಮ, ಹೊಡೆಯದವಳು, ಸೋಪು ಹಚ್ಚಿ ಬಳೆ ತೆಗೆದವಳು. ಕಳ್ಳಸಾಗಣೆಯವರು ಹೀಗಿರುತ್ತಾರಾ? ಮತ್ತೆ ದವಡೆಯ ಕಥೆಯಾದರೆ? ತನಗೆ ಭಯವಿರುವುದು ಹುಡುಗಿಯ ಬಗ್ಗೆಯೋ ನರ್ಸುಗಳ ನಗುವಿನ ಬಗ್ಗೆಯೋ ಎಂದು ತನ್ನನ್ನೇ ಕೇಳಿಕೊಂಡು ನಾಚಿದಳು. ಯಂತ್ರ ಮುಟ್ಟದೆ ಕೆಂಪು ದೀಪವನ್ನಷ್ಟೇ ಹತ್ತಿಸಿ ಫೋನ್ ತೆಗೆದುಕೊಂಡಳು.

ಚಿಕ್ಕಮ್ಮ ಬಾಗಿಲು ಬಡಿದು, ಇನ್ನೂ ಆಗಲಿಲ್ಲವೇ ಎಂದು ಕೇಳಿದಳು. ಚಿತ್ರ ಸರಿಯಾಗಿ ಬಂದಿಲ್ಲ, ಮತ್ತೆ ತೆಗೆಯಬೇಕು ಎಂದು ಅಕ್ಕ ಒಳಗಿನಿಂದಲೇ ಸುಳ್ಳು ಹೇಳಿದಳು. ಒಳಗೆ ಚಳಿಯಿರಬೇಕು, ಮಗುವಿಗೆ ಈ ಶಾಲು ಕೊಡಿ ಎಂದಳು ಚಿಕ್ಕಮ್ಮ. ಅಕ್ಕನಿಗೆ ಒಂದು ಗಳಿಗೆ, ಬಾಗಿಲು ತೆಗೆದು ಕಳಿಸಿಬಿಡಲೇ ಅನ್ನಿಸಿದ್ದೂ ನಿಜ.

ಅಷ್ಟರಲ್ಲಿ ಸಮಾಜ ಕಾರ್ಯಕರ್ತೆ, ಆಸ್ಪತ್ರೆಯವರಷ್ಟೇ ಓಡಾಡುವ ಹಿಂದಿನ ಬಾಗಿಲಿಂದ ಬಂದಳು. ಹುಡುಗಿಯ ಪಕ್ಕ ಕೂತು ಮೆಲ್ಲಗೆ ಮಾತಾಡಿ, ಒಪ್ಪಿಸಿ, ಅದೇ ಬಾಗಿಲಿಂದ ತನ್ನ ಕೋಣೆಗೆ ಕರೆದೊಯ್ದಳು. ಚಿಕ್ಕಮ್ಮನಿಗೆ ಹೇಳುವ ಕೆಲಸ ಅಕ್ಕನ ಪಾಲಿಗೆ ಬಿತ್ತು.

ದೀಪ ಆರಿಸಿ ಹೊರಗೆ ಬಂದು, ಹುಡುಗಿಯ ಹತ್ತಿರ ಸ್ವಲ್ಪ ಮಾತಾಡುವುದಿದೆ, ಈಗಲೇ ಬರುವುದಿಲ್ಲ ಎಂದಳು. ಚಿಕ್ಕಮ್ಮನ ಮುಖ ಬಿಳಿಚಿತು. ಕೂಗಾಡಲಿಲ್ಲ; ಬೆಂಚಿನ ಮೇಲೆ ಕುಸಿದು, ಶಾಲಿನಿಂದಲೇ ಕಣ್ಣೊರೆಸಿಕೊಂಡಳು. ಕಷ್ಟದಲ್ಲಿದ್ದ ನಮ್ಮಕ್ಕನ ಮಗಳಲ್ಲವೇ ಎಂದು ತಂದಿಟ್ಟುಕೊಂಡೆ ಎಂದಳು. ಆ ಅಳು ಸುಳ್ಳಾಗಿರಲಿಲ್ಲ. ತಾನು ಮಾಡಿದ್ದು ದೊಡ್ಡ ತಪ್ಪೇ ಇರಬೇಕೆಂದು ಎಕ್ಸರೇ ಅಕ್ಕನಿಗೆ ಅನ್ನಿಸಿತು. ಅವಳ ಪಕ್ಕದಲ್ಲೇ ಕೂತಳು.

"ನಂಗೂ ಇವಳದೇ ವಯಸ್ಸಿನ ಮಗಳಿದಾಳೆ. ಇಬ್ಬರಿಗೂ ಒಂದು ಚೂರು ಭೇದ ಮಾಡಿಲ್ಲ ನಾನು" ಎಂದಳು ಚಿಕ್ಕಮ್ಮ.

ಸಮಾಧಾನಕ್ಕೆಂದು, ಏನಾದರೂ ಮಾತಾಡಬೇಕಲ್ಲ ಎಂದು ಅಕ್ಕ ಕೇಳಿದಳು:

"ನಿಮ್ಮ ಮಗಳು ಮನೇಲಿ ಒಬ್ಬಳೇ ಇದಾಳಾ ಪಾಪ, ಡಬ್ಬಕ್ಕೆ ಟೇಪು ಸುತ್ತುತಾ?"

ಚಿಕ್ಕಮ್ಮ ಶಾಲು ಕೆಳಗಿಳಿಸಿ, ಇವಳಿಗೇನು ತಲೆ ನೆಟ್ಟಗಿದೆಯೇ ಎಂಬಂತೆ ನೋಡಿದಳು.

"ಅವಳ್ಯಾಕೆ ಸುತ್ತುತಾಳೆ? ಅವಳು ಸ್ಕೂಲಿಗೆ ಹೋಗಿದಾಳೆ."